ಇಪ್ಪತ್ತೈದಕ್ಕೆ ಒಂದು

ಮೊನ್ನೆ ಯಾದಗಿರಿಯ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲಿಗೆ ಹೋಗಿದ್ದೆ. ಜೊತೆಗೆ ಹೆಂಡತಿ ಇದ್ದಳು. ಹಸಿವಾಗಿತ್ತು. ಟೇಬಲ್ ಒರೆಸುತ್ತಲೇ ಮಾಣಿ ಒಂದೇ ಉಸಿರಿನಲ್ಲಿ, "ಇಡ್ಲಿ, ಪೂರಿ, ಸುಸಲಾ, ಉಪ್ಪಿಟ್ಟು. ಯಾವುದು ಕೊಡ್ಲಿರಿ?" ಎಂದ. ಅಷ್ಟೇ. ನನ್ನ ಅಂಗೈ ಬೆವರಿತು, ಬಾಯಿ ಒಣಗಿತು. ಇಡ್ಲಿ ಇರಬಹುದೇ? ಅಥವಾ ಪೂರಿಯೇ? ನಾಲ್ಕರಲ್ಲಿ ಒಂದು ಮಾತ್ರ ಸರಿ, ಮಿಕ್ಕ ಮೂರು ತಪ್ಪು ಎಂಬಂತೆ ಅವನ ಮುಖವನ್ನೇ ನೋಡಿದೆ. ಏನಾದರೂ ಸುಳಿವು ಸಿಕ್ಕೀತು ಎಂಬ ಆಸೆ ಎಂದರೆ ನೀವು ನಗುತ್ತೀರಿ. "ಇನ್ನೊಮ್ಮೆ ಹೇಳಪ್ಪ" ಎಂದೆ. ಅವನು ಹೇಳಿದ, ಆದರೆ ಈ ಸಲ ಉಪ್ಪಿಟ್ಟಿನಿಂದ ಶುರು ಮಾಡಿದ. ಇದ್ದಬದ್ದ ಧೈರ್ಯವೂ ಹೋಯಿತು.

"ಇವರಿಗೆ ಕೇಳಬ್ಯಾಡಪ್ಪ, ಕೇಳಿದ್ರ ಊಟದ ಹೊತ್ತಾಗತದ. ಸುಸಲಾ ತಂದಿಡು, ತಿಂತಾರ" ಎಂದಳು ಹೆಂಡತಿ. ಮಂಡಕ್ಕಿ ಒಗ್ಗರಣೆಯ ಆ ಸುಸಲಾ ತಂದಿಟ್ಟ, ತಿಂದೆ. ತಿನ್ನುವಾಗಲೂ ಪೂರಿಯೇ ಸರಿಯಾದ ಉತ್ತರವಾಗಿತ್ತೋ ಏನೋ ಎಂಬ ಅನುಮಾನ ಹೋಗಲಿಲ್ಲ.

ಇದು ಇಂದು ನಿನ್ನೆಯ ರೋಗವಲ್ಲ. ಒಮ್ಮೆ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದೆ. ಅವರು ಪಾಪ, ಒಳ್ಳೆಯವರು. "ಚುಚ್ಚಿದಂಗ ಆಗತದೋ, ಉರಿದಂಗ ಆಗತದೋ, ಹಿಂಡಿದಂಗ ಆಗತದೋ, ಜಗ್ಗಿದಂಗ ಆಗತದೋ?" ಎಂದು ಕೇಳಿದರು. ನಾನು ಯೋಚಿಸುತ್ತಾ ಕುಳಿತೆ. ಯೋಚಿಸಿದಷ್ಟೂ ನೋವು ಯಾವ ಜಾತಿಯದೆಂದು ತಿಳಿಯದೆ ಹೋಯಿತು. ಕೊನೆಗೆ ನೋವೇ ಹೋಗಿ ಎದೆ ಡವಗುಟ್ಟತೊಡಗಿತು. ಡಾಕ್ಟರರು ಹೊಟ್ಟೆಯನ್ನು ಬಿಟ್ಟು ಎದೆ ಪರೀಕ್ಷೆ ಮಾಡಿ, "ಯಾಕ ಇಷ್ಟು ಹೆದರೀರಿ?" ಎಂದರು. ನಾನು ಏನು ಹೇಳಲಿ? ಬೀಜಗಣಿತಕ್ಕೆ ಹೆದರಿದ್ದೇನೆ ಎಂದು ಅರವತ್ತು ದಾಟಿದವನು ಹೇಳಲಾದೀತೇ?

ನಿಮಗಾದರೆ ಹೇಳಬಹುದು.

ನಿಜಾಮರ ಆಳ್ವಿಕೆ ಹೋಗಿ ನಮ್ಮ ಸೀಮೆ ಭಾರತಕ್ಕೆ ಸೇರಿದ ಮೇಲಿನ ಮೊದಲ ಕೆಲವು ವರ್ಷಗಳ ಮಾತು. ನಾನು ಸುರಪುರದಲ್ಲಿ ಹೈಸ್ಕೂಲು ಓದುತ್ತಿದ್ದೆ. ಕೆಳಗಿನ ತರಗತಿಗಳನ್ನೆಲ್ಲ ಉರ್ದುವಿನಲ್ಲಿ ಓದಿದವರು ನಾವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಆಟದ ಬಯಲಿನಲ್ಲಿ ಬೈಗುಳಕ್ಕೆ ಎರಡೂ. ಒಂದು ದಿನ ಎಲ್ಲ ಬದಲಾಯಿತು. ಪುಸ್ತಕಗಳು ಕನ್ನಡವಾದವು, ಗೋಡೆಯ ಮೇಲಿನ ಬೋರ್ಡು ಕನ್ನಡವಾಯಿತು. ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ಅಲ್ಲಿಯವರೆಗೆ 'ಲಾ' ಎನ್ನುತ್ತಿದ್ದೆವು, ಈಗ ಅದಕ್ಕೆ 'ಕ್ಷ' ಅನ್ನಬೇಕು ಎಂದರು. ಸರಕಾರ ಬದಲಾದರೆ ತಹಶೀಲದಾರರು ಬದಲಾಗುವುದು ಸರಿ, ಗೊತ್ತಿಲ್ಲದ ಸಂಖ್ಯೆಯೂ ಯಾಕೆ ಬದಲಾಗಬೇಕು ಎಂದು ನಮಗೆ ಅರ್ಥವಾಗಲಿಲ್ಲ. ಲಾ ಆಗಿದ್ದಾಗಲೂ ಅದು ಸುಲಭವಾಗಿ ಸಿಗುತ್ತಿರಲಿಲ್ಲ ಬಿಡಿ.

ಈ ಬದಲಾವಣೆಯ ಬಿಸಿ ನಮಗಿಂತ ಹೆಚ್ಚಾಗಿ ತಟ್ಟಿದ್ದು ನಮ್ಮಪ್ಪನಿಗೆ. ಅಪ್ಪನ ಹೆಸರು ಶರಣಪ್ಪ, ಊರವರಿಗೆ ಮುನ್ಷಿ ಶರಣಪ್ಪ. ತಹಶೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ, ಮುಂದೆ ಇಳಿಜಾರು ಮುಚ್ಚಳದ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಉರ್ದುವಿನಲ್ಲಿ ಅರ್ಜಿ ಬರೆದುಕೊಡುವುದು ಅವನ ಕಸುಬು. ಕೆಂಭಾವಿ ಕಡೆಯಿಂದ ಹೊಲದ ಬದುವಿನ ತಕರಾರು ಹೊತ್ತು ಜನ ನಡೆದು ಬರುತ್ತಿದ್ದರು. ಅಪ್ಪ ಅವರ ಅಳುವನ್ನೆಲ್ಲ ಕೇಳಿ, ಅದರಲ್ಲಿ ಬೇಕಾದಷ್ಟನ್ನೇ ಆರಿಸಿ ಬರೆಯುತ್ತಿದ್ದ. ಅವನ ಅಕ್ಷರವನ್ನು ಓದುವ ಮೊದಲು ಸಾಹೇಬರು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದರಂತೆ. ಆದರೆ ಆಡುವ ಭಾಷೆ ಕನ್ನಡವಾದರೂ ಕನ್ನಡ ಅಕ್ಷರ ಮಾತ್ರ ಅವನು ಕಲಿತಿರಲಿಲ್ಲ. ಕಲಿಯುವ ಕಾಲದಲ್ಲಿ ಅದರಿಂದ ಹೊಟ್ಟೆ ತುಂಬುವಂತಿರಲಿಲ್ಲ.

ಕಚೇರಿಗೆ ಕನ್ನಡ ಬಂದ ಮೇಲೆ ಬೇವಿನ ಗಿಡದ ಆಚೆ ಮಗ್ಗುಲಿಗೆ ಇನ್ನೊಂದು ಚಾಪೆ ಬಿತ್ತು. ಅದರ ಮೇಲೆ ಕನ್ನಡ ಬಲ್ಲ ಯುವಕನೊಬ್ಬ ಕುಳಿತ. ಜನ ಅಪ್ಪನಿಗೆ "ಶರಣ್ರಿ ಮುನ್ಷಿಯವರ" ಎಂದು ಕೈಮುಗಿದು, ನಾಚಿಕೊಂಡು ಆ ಚಾಪೆಗೆ ಹೋಗತೊಡಗಿದರು. ಕೆಲವು ದಿನ ಅಪ್ಪ ಶಾಯಿ ದೌತಿಯ ಮುಚ್ಚಳವನ್ನೇ ತೆರೆಯದೆ ಮನೆಗೆ ಬಂದದ್ದುಂಟು.

ಆಗ ಮನೆಯ ಎಲ್ಲರ ಕಣ್ಣು ನನ್ನ ಮೇಲೆ ನೆಟ್ಟಿತು. ನಾನು ಮೆಟ್ರಿಕ್ ಪಾಸಾದರೆ ಅದೇ ಕಚೇರಿಯ ಒಳಗೆ ಕುರ್ಚಿಯ ಮೇಲೆ ಗುಮಾಸ್ತನಾಗಿ ಕೂರಬಹುದು. ಪಾಸಾಗದಿದ್ದರೆ ಶಹಾಪುರದ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಚುವ ಕೆಲಸ ಕಾದಿತ್ತು. ಮಾವ ಒಳ್ಳೆಯ ಮನುಷ್ಯ. ಆದರೂ ಅವನ ಅಂಗಡಿಯ ಗಂಜಿ ವಾಸನೆ ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಮೆಟ್ರಿಕ್ಕಿಗೆ ಕೂರುವುದಕ್ಕೂ ಮೊದಲು ಶಾಲೆಯಲ್ಲೇ ಒಂದು ಪೂರ್ವಪರೀಕ್ಷೆ. ಅದರಲ್ಲಿ ಗೆದ್ದವರ ಹೆಸರನ್ನು ಮಾತ್ರ ಮುಂದೆ ಕಳಿಸುತ್ತಿದ್ದರು. ಇನ್ನೊಂದು ವರ್ಷ ನನ್ನನ್ನು ಓದಿಸುವ ಶಕ್ತಿ ಅಪ್ಪನಿಗೆ ಉಳಿದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅದೇ ವರ್ಷ ಧಾರವಾಡದ ಕಡೆಯಿಂದ ಹಂಚಿನಾಳ ಮಾಸ್ತರರು ಗಣಿತ ಕಲಿಸಲು ಬಂದರು. ತೆಳ್ಳನೆಯ ಮನುಷ್ಯ, ಕೈತುಂಬ ಸುಣ್ಣದ ಪುಡಿ, ಬಾಯಿತುಂಬ ಉತ್ಸಾಹ. ಟ್ರೇನಿಂಗಿನಲ್ಲಿ ಹೊಸ ಮಾದರಿಯ ಪರೀಕ್ಷೆಯೊಂದನ್ನು ಕಲಿತು ಬಂದಿದ್ದರು. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟಿರುತ್ತದೆ, ಸರಿಯಾದುದನ್ನು ಹುಡುಗರು ಆರಿಸಬೇಕು. "ನೋಡ್ರೋ, ಉತ್ತರ ನಾನ ಕೊಟ್ಟೇನಿ. ಇದಕ್ಕಿಂತ ದೊಡ್ಡ ಉಪಕಾರ ಯಾವ ಮಾಸ್ತರ ಮಾಡ್ಯಾನ?" ಎಂದರು. ನಮಗೆ ಖುಷಿಯಾಯಿತು. ನಾಲ್ಕು ದಿನ ಕಳೆದ ಮೇಲೆ ಗೊತ್ತಾಯಿತು, ಅದು ಉಪಕಾರವಲ್ಲ ಎಂದು. ಮೊದಲೆಲ್ಲ ಲೆಕ್ಕ ಬಾರದಿದ್ದರೆ ನೆಮ್ಮದಿಯಿಂದ ಬಾರದು ಎಂದು ಕುಳಿತಿರಬಹುದಿತ್ತು. ಈಗ ಹಾಗಿಲ್ಲ. ಉತ್ತರ ಕಣ್ಣ ಮುಂದೆಯೇ ಕುಳಿತಿರುತ್ತದೆ, ನಾವೇ ಗುರುತು ಹಿಡಿಯುವುದಿಲ್ಲ. ಐದು ಎಂದು ತೀರ್ಮಾನಿಸಿದ ಮೇಲೂ ಪಕ್ಕದ ಎಂಟು ನಮ್ಮನ್ನೇ ನೋಡುತ್ತಿರುತ್ತದೆ. ನನ್ನ ಉಗುರುಗಳು ಮೊಂಡಾದದ್ದು ಆ ವರ್ಷವೇ.

ತರಗತಿಯಲ್ಲಿ ಅಭ್ಯಾಸ ಮಾಡಿಸುವಾಗ ಮಾಸ್ತರರು ಬೋರ್ಡಿನ ಮೇಲೆ ನಾಲ್ಕು ಉತ್ತರಗಳನ್ನು ಒಂದೇ ಸಾಲಿನಲ್ಲಿ ಬರೆದು, ನಮ್ಮ ಕೈಗೆ ಬೆತ್ತ ಕೊಟ್ಟು, "ಬಾ, ಮುಟ್ಟು" ಎನ್ನುತ್ತಿದ್ದರು. ಸರಿಯಾದುದನ್ನು ಮುಟ್ಟಿದರೆ ಬೆತ್ತ ಮುಂದಿನವನಿಗೆ. ತಪ್ಪಾದುದನ್ನು ಮುಟ್ಟಿದರೆ ಬೆತ್ತ ಮಾಸ್ತರರಿಗೆ. ಈ ಪದ್ಧತಿ ನೆನಪಿರಲಿ, ಅಲ್ಲಿ ಎಣಿಸುವ ಪ್ರಶ್ನೆಯೇ ಬರಲಿಲ್ಲ.

ಮನೆಯಲ್ಲಿ ಅಪ್ಪ ಬೇರೆ ರೀತಿ ಅಭ್ಯಾಸ ಮಾಡಿಸುತ್ತಿದ್ದ. ಲೆಕ್ಕದಲ್ಲಿ ಅವನು ಗಟ್ಟಿಗ. ದಿನಾ ಸಂಜೆ ಪಡಸಾಲೆಯಲ್ಲಿ ನಾನು ಕನ್ನಡ ಪುಸ್ತಕದ ಲೆಕ್ಕ ಓದಿ ಹೇಳಬೇಕು, ಅವನು ಅದನ್ನು ತನ್ನ ಚಂದದ ಉರ್ದುವಿನಲ್ಲಿ ಬರೆದುಕೊಂಡು, ಕೆಳಗೆ ತಾನೇ ಹೊಸೆದ ನಾಲ್ಕು ಉತ್ತರ ಬರೆಯಬೇಕು. ಹಳೆಯ ಅರ್ಜಿಗಳ ಹಿಂಬದಿಯೇ ನಮ್ಮ ಕಾಗದ. ಒಂದು ಕಡೆ ಯಾರದೋ ಬಾವಿಯ ಜಗಳ, ಇನ್ನೊಂದು ಕಡೆ ನನ್ನ ಲಾ.

"ನಾಕು ಮಂದಿ ಸಾಕ್ಷಿ ಬಂದಾರ ಅಂತ ತಿಳಿ" ಎನ್ನುತ್ತಿದ್ದ ಅಪ್ಪ. "ಮೂರು ಮಂದಿ ಸುಳ್ಳ. ಒಬ್ಬಾತ ಖರೇ. ಮಾರಿ ನೋಡಿ ನಂಬಬ್ಯಾಡ. ಒಬ್ಬೊಬ್ಬನ್ನ ಕರದು ಸವಾಲಿನ್ಯಾಗ ನಿಲ್ಲಿಸು. ತಾಳೆ ಬಿತ್ತೋ, ಆತನ ಮನಷ್ಯಾ."

ನಾನು ಒಬ್ಬೊಬ್ಬರನ್ನೇ ಕರೆದು ನಿಲ್ಲಿಸುತ್ತಿದ್ದೆ. ಸಿಕ್ಕಿದ ಮೇಲೆ ಅವನು ಸಾಲಿನಲ್ಲಿ ಎಷ್ಟನೆಯವನೆಂದು ಉರ್ದುವಿನಲ್ಲೇ "ಪಹಲಾ" ಅಥವಾ "ತೀಸರಾ" ಎಂದು ಕೂಗಬೇಕು. ಅಪ್ಪ "ಶಾಬಾಶ್" ಎನ್ನುತ್ತಿದ್ದ. ಕಚೇರಿಯ ಮುಂದೆ ದಿನವಿಡೀ ಖಾಲಿ ಕುಳಿತು ಬಂದವನ ಮುಖ ಆಗ ಬೆಳಗುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಓದಿದ್ದು ಆ ಮುಖಕ್ಕಾಗಿ. ತಪ್ಪಿದರೆ ಆ ಮುಖ ಏನಾಗುತ್ತದೋ ಎಂಬ ಹೆದರಿಕೆಯಿಂದ ನನಗೆ ಕನಸಿನಲ್ಲೂ ನಾಲ್ಕು ನಾಲ್ಕೇ ಕಾಣುತ್ತಿದ್ದವು. ನಾಲ್ಕು ಬಾಗಿಲು, ನಾಲ್ಕು ಕೊಡ, ನಾಲ್ಕು ಮಂದಿ ಸೋದರಮಾವಂದಿರು.

ಅವ್ವ ಒಲೆಯ ಮುಂದಿನಿಂದ ಇದನ್ನೆಲ್ಲ ಕೇಳಿ ಕೇಳಿ ಒಂದು ದಿನ, "ಎರಡು ತಿಂಗಳಾತು, ಅಪ್ಪ ಮಗ ಕೂಡಿ ಹುಡಕಾಕತ್ತೀರಿ. ಆ ಕ್ಷ ಅನ್ನೋದು ಎಲ್ಲಿ ಕಳದದ ಅಂತಾದ್ರೂ ಹೇಳ್ರಿ, ನಾನೂ ಹುಡಕ್ತೀನಿ" ಎಂದಳು. ಇವ ಪಾಸಾದರೆ ತಿಂಥಣಿ ಮೌನಪ್ಪನಿಗೆ ನಡೆದುಕೊಂಡು ಬರುತ್ತೇನೆಂದು ಹರಕೆ ಹೊತ್ತಳು. ಅಪ್ಪ, "ನೀ ನಡದ್ರ ಇವನ ಲೆಕ್ಕ ಸರಿ ಆಗತದೇನು?" ಎಂದು ಕೆಣಕಿದ. "ನೀವು ಕುಂತು ಕುಂತು ಏನು ಸರಿ ಮಾಡೀರಿ?" ಎಂದಳು. ಆಮೇಲೆ ತಾನು ಆಡಿದ ಮಾತು ತನಗೇ ಚುಚ್ಚಿರಬೇಕು, ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹಂಚಿನಾಳ ಮಾಸ್ತರರು ಎರಡು ಬೋರ್ಡುಗಳ ತುಂಬ ಇಪ್ಪತ್ತೈದು ಲೆಕ್ಕ ಬರೆದರು. ಪ್ರತಿಯೊಂದರ ಕೆಳಗೂ ಒಂದೇ ಸಾಲಿನಲ್ಲಿ ನಾಲ್ಕು ಉತ್ತರ. ಜಾಗ ಸಾಲದೆ ಅವುಗಳ ತಲೆಯ ಮೇಲೆ ಅಂಕಿ ಹಾಕಲಿಲ್ಲ. ನಮ್ಮ ಕೈಗೆ ಅಂಗೈ ಅಗಲದ ಚೀಟಿ ಕೊಟ್ಟು, "ಲೆಕ್ಕ ನೋಟಬುಕ್ಕಿನ್ಯಾಗ ಇಳಿಸಿಕೊಂಡು ಮಾಡ್ರಿ. ಚೀಟಿ ಮ್ಯಾಲೆ ಉತ್ತರ ಸಾಲಿನ್ಯಾಗ ಎಷ್ಟನೇದು ಅನ್ನೋದಷ್ಟ ಬರೀರಿ. ಒಂದು, ಎರಡು, ಮೂರು, ನಾಕು. ಇಪ್ಪತ್ತೈದಕ್ಕ ಹತ್ತು ಬಂದವರು ಪಾಸ್" ಎಂದರು.

ನಾನು ಬೆವರುತ್ತಾ ಶುರು ಮಾಡಿದೆ. ಮೂರು ಕ್ಷ ಕೂಡು ಐದು, ಸಮ ಇಪ್ಪತ್ತು. ಸಾಕ್ಷಿಗಳನ್ನು ಕರೆದೆ. ಐದು ತಾಳೆಯಾಯಿತು. ಅದು ಎಷ್ಟನೆಯದೋ ಎಣಿಸಿ ಬರೆದೆ. ಮುಂದಿನದು. ಮತ್ತೆ ಮುಂದಿನದು. ಒಂದೊಂದನ್ನೂ ಎರಡು ಸಲ ನೋಡಿದೆ. ಬರೆದ ಅಂಕಿಯ ಮೇಲೆ ಬೆವರಿನ ಹನಿ ಬಿದ್ದಾಗ ಅದು ಅಳಿಸಿ ಹೋದೀತೆಂದು ಮತ್ತೊಮ್ಮೆ ತಿದ್ದಿದೆ. ಹದಿನೆಂಟನೆಯ ಲೆಕ್ಕ ಕುರಿ ಆಡಿನದು. ಕುರಿ ಆಡು ಕೂಡಿ ಮೂವತ್ತು, ಕುರಿ ಆಡಿಗಿಂತ ಹತ್ತು ಹೆಚ್ಚು, ಹಾಗಾದರೆ ಆಡು ಎಷ್ಟು? ಅದರ ಕೆಳಗೆ ಹತ್ತು, ಐದು, ಹದಿನೈದು, ಇಪ್ಪತ್ತು. ಅಷ್ಟರಲ್ಲಿ ಮಾಸ್ತರರು "ಇನ್ನ ಸ್ವಲ್ಪ ಹೊತ್ತೈತಿ" ಎಂದದ್ದು ಕೇಳಿ ಗಾಬರಿಯಾಗಿ ಆ ಒಂದನ್ನು ಮಾತ್ರ ಎರಡನೆಯ ಸಲ ನೋಡಲಿಲ್ಲ. ಹೊರಗೆ ಬಂದಾಗ ಮನಸ್ಸಿನಲ್ಲಿ ಒಂದು ಧೈರ್ಯವಿತ್ತು. ಎಲ್ಲ ಬಂದಿವೆ ಎಂಬ ಧೈರ್ಯ. ಮನೆಗೆ ಹೋಗಿ ಅಪ್ಪನಿಗೆ ಹಾಗೆಯೇ ಹೇಳಿದೆ. ಅವನು ಆ ದಿನ ಎರಡು ಸಲ ಚಹಾ ಕೇಳಿ ಕುಡಿದ.

ಗುರುವಾರ ಚೀಟಿಗಳು ವಾಪಸು ಬಂದವು. ನನ್ನದನ್ನು ಮಾಸ್ತರರು ಕೊನೆಗೆ ತೆಗೆದರು. "ಮಲ್ಲಿಕಾರ್ಜುನ, ಎದ್ದು ನಿಲ್ಲು. ಏನೂ ಗೊತ್ತಿಲ್ಲದ ಎಮ್ಮಿ ಬಂದು ಬಾಲದಲೆ ಗುರುತು ಹಾಕಿದ್ರೂ ಇಪ್ಪತ್ತೈದಕ್ಕ ಐದಾರು ಬರತಾವು. ನಿನಗ ಎಷ್ಟು ಬಂದೈತಿ ಗೊತ್ತೇನು? ಒಂದು!"

ತರಗತಿ ನಕ್ಕಿತು. ನಾನು ಚೀಟಿ ನೋಡಿದೆ. ಉದ್ದಕ್ಕೂ ಕೆಂಪು ಕತ್ತರಿ ಗುರುತು, ನಡುವೆ ಎಲ್ಲೋ ಒಂದೇ ಒಂದು ಸರಿ. ಗಂಜಿ ವಾಸನೆ ಅಲ್ಲೇ ಬಂತು.

ಶಾಲೆ ಬಿಟ್ಟ ಮೇಲೆ ಗುಡ್ಡದ ಇಳಿಜಾರಿನಲ್ಲಿ ಮಹಬೂಬ ಜೊತೆಗೆ ಬಂದ. ನಮ್ಮ ಓಣಿಯವನೇ, ಚಿಕ್ಕಂದಿನ ಗೆಳೆಯ. ಅವನಿಗೆ ಹತ್ತೊಂಬತ್ತು ಬಂದಿದ್ದವು. ನನ್ನ ಚೀಟಿ ಇಸಿದುಕೊಂಡು, ನೋಟಬುಕ್ಕು ತೆಗೆಸಿ, ಕಲ್ಲಿನ ಮೇಲೆ ಕುಳಿತು ಒಂದೊಂದಾಗಿ ನೋಡಿದ. ಐದಾರು ಲೆಕ್ಕ ನೋಡುವುದರೊಳಗೆ ತಲೆ ಎತ್ತಿದ.

"ಲೇ ಮಲ್ಯಾ, ನೀ ಯಾವ ಕಡಿಂದ ಎಣಿಸಿದಿ?"

"ಬಲಗಡಿಂದ."

"ಹುಚ್ಚ! ಬೋರ್ಡ್ ಕನ್ನಡದಾಗ ಇತ್ತಲ್ಲೋ. ಎಡಗಡಿಂದ ಎಣಸಬೇಕು."

ಮನೆಯಲ್ಲಿ ಎರಡು ತಿಂಗಳು ಅಪ್ಪನ ಉರ್ದು ಸಾಲಿನಲ್ಲಿ ಪಹಲಾ ಎಂದರೆ ಬಲತುದಿಯದು. ಪರೀಕ್ಷೆಯ ಗಾಬರಿಯಲ್ಲಿ ನನ್ನ ಕಣ್ಣು ತಾನಾಗಿಯೇ ಅಲ್ಲಿಗೆ ಹೋಗಿತ್ತು, ಹೋದದ್ದು ನನಗೆ ತಿಳಿದೇ ಇರಲಿಲ್ಲ. ಮನೆಯಲ್ಲಿ ದಖನಿ ಉರ್ದು ಆಡುವ, ಉರ್ದು ಓದಿ ಬೆಳೆದ ಮಹಬೂಬ ಕನ್ನಡದ ಬೋರ್ಡನ್ನು ಕನ್ನಡದ ಹಾಗೇ ಓದಿದ್ದ. ಎಡವಿದವನು ಕನ್ನಡದ ನಾನು! ನಾಲ್ಕರ ಸಾಲಿನಲ್ಲಿ ನಡುವಿನದು ಎಂಬುದೂ ಇಲ್ಲ, ಹಾಗಾಗಿ ಉಲ್ಟಾ ಎಣಿಸಿದವನಿಗೆ ತಪ್ಪಿ ಕೂಡ ಒಂದು ಸರಿ ಬರುವಂತಿಲ್ಲ. ಸರಿಯಾಗಿ ಬಿಡಿಸಿದ್ದೆಲ್ಲ ತಪ್ಪಾಗಿತ್ತು. ಸಿಕ್ಕ ಒಂದು ಮಾರ್ಕು, ಆಡು ಕೇಳಿದರೆ ಗಡಿಬಿಡಿಯಲ್ಲಿ ಕುರಿ ಎಣಿಸಿ ಇಪ್ಪತ್ತನ್ನು ಆರಿಸಿದ್ದ ಹದಿನೆಂಟನೆಯ ಲೆಕ್ಕದ್ದು. ಬಲದಿಂದ ಇಪ್ಪತ್ತು ಮೊದಲನೆಯದು, ಎಡದಿಂದ ಸರಿಯುತ್ತರವಾದ ಹತ್ತೂ ಮೊದಲನೆಯದೇ.

"ನಡಿ, ಮಾಸ್ತರಿಗೆ ಹೇಳಮು. ನಿಮ್ಮಪ್ಪಗೂ ಹೇಳು" ಎಂದ ಮಹಬೂಬ.

"ಅಪ್ಪಗ ಹೇಳಬ್ಯಾಡ" ಎಂದೆ.

ನನ್ನ ಅವಸರ ಅವನಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಅರ್ಥವಾಗಿತ್ತು. ತಪ್ಪು ಎಲ್ಲಿಂದ ಬಂತು ಎಂದು ಅಪ್ಪನಿಗೆ ತಿಳಿಯುವುದು ನನಗೆ ಬೇಕಿರಲಿಲ್ಲ. ಮಾಸ್ತರರಿಗೆ ಹೇಳಿದರೂ ಅದು ಅಪ್ಪನ ಕಿವಿಗೆ ಬೀಳುತ್ತಿತ್ತು. ಕಚೇರಿಗೆ ಅವನ ಬರಹ ಬೇಡವಾಗಿತ್ತು. ಈಗ ಅದೇ ಬರಹದಿಂದ ಮಗನೂ ಮುಳುಗಿದ ಎಂದು ಅವನಿಗೆ ಹೇಗೆ ಹೇಳುವುದು? ಅದಕ್ಕಿಂತ ಥಾನು ಮಡಚುವುದೇ ವಾಸಿ ಎನ್ನಿಸಿತು. ಮನೆಗೆ ಹೋಗಿ, "ಒಂದು ಬಂದದ. ಓದಿದ್ದು ಮರತು ಹೋತು, ಏನೂ ಬರಲಿಲ್ಲ" ಎಂದೆ. ಅಪ್ಪ ಬೈಯಲಿಲ್ಲ. "ಹಂಗ್ಯಾಕ ಆಗತದ?" ಎಂದಷ್ಟೇ ಹೇಳಿ ಗೋಡೆಗೆ ಒರಗಿದ. ಶುಕ್ರವಾರ, ಶನಿವಾರ ಅವ್ವ ಶಹಾಪುರಕ್ಕೆ ಯಾರು ಹೋಗುವವರಿದ್ದಾರೆಂದು ಪಕ್ಕದ ಮನೆಯಲ್ಲಿ ವಿಚಾರಿಸಿದ್ದು ಕಿವಿಗೆ ಬಿತ್ತು. ಆ ಎರಡು ದಿನ ನಾನು ಬದುಕಿದ್ದು ಹೇಗೋ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಕರೆದ. ಪೆಟ್ಟಿಗೆಯ ಮೇಲೆ ನನ್ನ ಚೀಟಿ ಇಟ್ಟುಕೊಂಡು ಕುಳಿತಿದ್ದ. "ಕೂಡು" ಎಂದ. ಕುಳಿತೆ.

"ಇಷ್ಟು ವರ್ಷ ಕಚೇರಿ ಮುಂದ ಕುಂತೀನಿ. ಸುಳ್ಳು ಸಾಕ್ಷಿ ಹೇಳಾವ ಸುದ್ದಾ ಮರತು ಒಮ್ಮೊಮ್ಮೆ ಖರೇ ಹೇಳಿಬಿಡತಾನ. ಇಪ್ಪತ್ತೈದು ಸಲ ಕೇಳಿದ್ರೂ ಒಂದಕ್ಕಿಂತ ಹೆಚ್ಚು ಖರೇ ಹೇಳಲಿಲ್ಲಂದ್ರ, ಅವನಿಗೆ ಖರೇ ಯಾವುದು ಅಂತ ಪಕ್ಕಾ ಗೊತ್ತದ. ನೀ ಏನೋ ಮುಚ್ಚಾಕತ್ತಿ. ಮೊದಲನೇ ಲೆಕ್ಕ ಓದು."

ಓದಿದೆ. ಬಿಡಿಸು ಎಂದ. ಬಿಡಿಸಿದೆ. ಐದು. "ಬೋರ್ಡಿನ ಮ್ಯಾಲೆ ಉತ್ತರ ಹ್ಯಾಂಗ ಇದ್ದವು?" ನಾನು ನೋಟಬುಕ್ಕು ಮುಂದಿಟ್ಟೆ. ಅಕ್ಷರ ಓದಲು ಬಾರದಿದ್ದರೂ ಅಂಕಿ ಅವನಿಗೆ ಬರುತ್ತಿದ್ದವು. ಬೆರಳಿಟ್ಟು ಬಲದಿಂದ ಎಣಿಸಿದ, ಚೀಟಿ ನೋಡಿದ. ಎರಡನೆಯ ಲೆಕ್ಕಕ್ಕೂ ಹಾಗೆಯೇ ಮಾಡಿದ. ಮೂರನೆಯದಕ್ಕೆ ಬೆರಳು ಬಲತುದಿಯಲ್ಲಿ ನಿಂತಿತು. ಅಲ್ಲಿಂದ ಮೆಲ್ಲಗೆ ಎಡತುದಿಗೆ ಬಂತು.

"ಈ ಕಡಿಂದ ಎಣಸಬೇಕಾಗಿತ್ತು. ಅಲ್ಲ?"

"ಹೌದು."

"ನಿನಗ ಯಾವಾಗ ಗೊತ್ತಾತು?"

"ಗುರುವಾರ."

"ಮತ್ತ ಹೇಳಲಿಲ್ಲ ಯಾಕ?"

ಅವನಿಗೆ ಉತ್ತರ ಬೇಕಾಗಿರಲಿಲ್ಲ. ಬಹಳ ಹೊತ್ತು ತನ್ನ ಬಲಗೈಯನ್ನು ನೋಡಿಕೊಂಡ. ಆಮೇಲೆ ಎದ್ದು ಹೋಗಿ ತಾನು ಬರೆಯುವ ಟಾಕಿನ ಮುಳ್ಳನ್ನು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯೊಳಗಿಟ್ಟು ಮುಚ್ಚಿದ. ನಾನು ಅಳುತ್ತಿದ್ದೆ. "ಹುಚ್ಚಪ್ಪ, ನೀ ಯಾಕ ಅಳತಿ? ಎಲ್ಲ ಬಿಡಿಸಿದಿಯಲ್ಲ" ಎಂದ.

ಸೋಮವಾರ ಕಚೇರಿಗೆ ಹಾಕುವ ಕರಿಕೋಟು ಹಾಕಿಕೊಂಡು ನನ್ನ ಜೊತೆ ಶಾಲೆಗೆ ಬಂದ. ಹಂಚಿನಾಳ ಮಾಸ್ತರರು, "ಬರ್ರಿ ಮುನ್ಷಿಯವರ, ಕೂಡ್ರಿ" ಎಂದರು. ಅಪ್ಪ ಕೂರಲಿಲ್ಲ.

"ಮಾಸ್ತರ, ತಪ್ಪು ಹುಡುಗನದಲ್ರಿ, ನಂದು. ಮನ್ಯಾಗ ನಾ ಬಲಗಡಿಂದ ಎಣಸೋದು ರೂಢಿ ಮಾಡಿಸೀನಿ. ನಮ್ಮ ಬರಹ ಹಂಗ ಅದ. ಒಂದು ಸಲ ಆ ಕಡಿಂದ ನೋಡ್ರಿ. ಅದರಾಗೂ ತಪ್ಪಿದ್ರ ನಾಳಿ ಶಹಾಪುರಕ್ಕ ಕಳಸ್ತೀನಿ."

ಕಚೇರಿಯಲ್ಲಿ ಎಷ್ಟೋ ಜನರಿಗೆ ಪುಟಗಟ್ಟಲೆ ಅರ್ಜಿ ಬರೆದವನು ಮಗನಿಗಾಗಿ ಮಾಡಿದ ಅರ್ಜಿ ಇಷ್ಟೇ. ಮಾಸ್ತರರು ಅಪ್ಪನ ಮುಖ ನೋಡಿದರು, ನನ್ನ ಮುಖ ನೋಡಿದರು, ಚೀಟಿ ತೆಗೆದುಕೊಂಡರು. ಒಂದೊಂದಾಗಿ ನೀಲಿ ಪೆನ್ಸಿಲಿನಿಂದ ಸರಿ ಹಾಕುತ್ತಾ ಹೋದರು. ಹತ್ತು ದಾಟಿದಾಗ ನನಗೆ ಉಸಿರು ಬಂತು. ಹದಿನೇಳು ಆಯಿತು. ಹದಿನೆಂಟರಲ್ಲಿ ನಿಂತರು.

"ಇದ್ಯಾಕೋ? ಆಡು ಕೇಳಿದ್ರ ಕುರಿ ಹೊಡಕೊಂಡು ಬಂದಿ?" ಎಂದು ಜೋರಾಗಿ ನಕ್ಕರು. "ಇಪ್ಪತ್ನಾಕು! ಮದಲ ಬಂದಿದ್ದ ಆ ಒಂದು ಮಾರ್ಕ್ಸ್ ಮಾತ್ರ ಹೋತು ನೋಡು." ಅಪ್ಪನೂ ನಕ್ಕ. ನಾಲ್ಕು ದಿನಗಳ ನಂತರ ನಕ್ಕದ್ದು. ಮಾಸ್ತರರು ನಗು ನಿಲ್ಲಿಸಿ, "ಮುನ್ಷಿಯವರ, ತಪ್ಪು ನಿಮ್ಮದಲ್ಲ. ಅಂಕಿ ಹಾಕದ ಬಿಟ್ಟಾವ ನಾನು. ನಾ ಯಾವ ಊರಿಗೆ ಬಂದೀನಿ ಅನ್ನೋದನ್ನ ಮರತಿದ್ದೆ" ಎಂದರು. ಅಪ್ಪ ಎರಡೂ ಕೈ ಮುಗಿದ.

ಈ ಸುದ್ದಿ ಶಾಲೆಯ ತುಂಬ ಹರಡಿ ಒಂದು ತಮಾಷೆಯೂ ಆಯಿತು. ಹನ್ನೆರಡು ಮಾರ್ಕು ಪಡೆದು ಪಾಸಾಗಿದ್ದ ಬಸಣ್ಣ ಎಂಬವನು, ತಾನೂ ಬಲಗಡೆಯಿಂದಲೇ ಎಣಿಸಿದ್ದೆನೆಂದೂ ತನ್ನದನ್ನೂ ಹಾಗೆಯೇ ನೋಡಬೇಕೆಂದೂ ಮಾಸ್ತರರ ಬೆನ್ನು ಹತ್ತಿದ. ನೋಡಿದರು. ನಾಲ್ಕು ಬಂತು. "ನಾಕು ತಗೋತಿಯೋ, ಹನ್ನೆರಡು ತಗೋತಿಯೋ?" ಎಂದರು. ಬಸಣ್ಣ ಹನ್ನೆರಡು ತೆಗೆದುಕೊಂಡು ಓಡಿದ.

ವಾರದ ಮೇಲೆ ಮೆಟ್ರಿಕ್ಕಿನ ಫಾರ್ಮು ತುಂಬಲು ಅಪ್ಪನನ್ನು ಕರೆಸಿದರು. ಮಾಸ್ತರರು ತರಗತಿಯಲ್ಲಿದ್ದರು. ಶಾಲೆಯ ಗುಮಾಸ್ತ ಹೊಸಬ, ಚಿಕ್ಕ ವಯಸ್ಸಿನವನು, ಮರ್ಯಾದೆಯವನು. ಎಲ್ಲ ತಾನೇ ತುಂಬಿ, ಪಾಲಕರ ಸಹಿಯ ಜಾಗ ತೋರಿಸಿ ಅಪ್ಪನ ಕೈಗೆ ಟಾಕು ಕೊಟ್ಟ. ಅಪ್ಪ ಸಹಜವಾಗಿ ಬಲತುದಿಗೆ ಮುಳ್ಳು ಊರಿದ. ಗುಮಾಸ್ತ ಮೆಲ್ಲಗೆ, "ಕನ್ನಡದಾಗ ಇಲ್ಲಾ ಇಂಗ್ಲೀಷಿನ್ಯಾಗ ಮಾಡ್ರಿ. ಮ್ಯಾಲಿನ ಆಫೀಸಿನ್ಯಾಗ ಈಗ ಉರ್ದು ಓದೋರು ಇಲ್ಲ. ಗೊತ್ತಾಗಲಿಲ್ಲಂದ್ರ ಫಾರಂ ವಾಪಸ್ ಬರತಾವ, ಹೊತ್ತು ಹೋಗತದ" ಎಂದ. ಹಾಗೆ ವಾಪಸು ಬಂದರೆ ನನ್ನ ವರ್ಷ ಹೋಗುತ್ತಿತ್ತು.

ಅಪ್ಪ ಮುಳ್ಳು ಎತ್ತಿದ. ನಿಯಮ ಎಂದರೆ ಹತ್ತು ಮಾತು ಕೇಳುವ ಮುನ್ಷಿ ಒಂದೇ ಮಾತು ಕೇಳಿದ.

"ಎರಡೂ ಬಾರದವರು ಏನ್ಮಾಡತಾರ್ರಿ?"

"ಹೆಬ್ಬಟ್ಟು ಒತ್ತತಾರ್ರಿ. ಅದಕ್ಕ ನಡೀತದ, ಬಾಜೂಕ ನಾ ಬರದು ಸಾಕ್ಷಿ ಹಾಕ್ತೀನಿ."

"ಮತ್ತ ಅದ ಆಗಲಿ" ಎಂದು ಅಪ್ಪ ಟಾಕು ಕೆಳಗಿಟ್ಟ. ಗುಮಾಸ್ತ ಅನುಮಾನಿಸಿದ. ಅಪ್ಪ ತಾನೇ ಮೊಹರಿನ ಪ್ಯಾಡನ್ನು ಹತ್ತಿರ ಎಳೆದುಕೊಂಡು, ಎಡಗೈ ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಫಾರ್ಮಿನ ಮೇಲೆ ಒತ್ತಿದ. ಎಷ್ಟೋ ಜನರ ಹೆಬ್ಬೆರಳನ್ನು ಹಿಡಿದು ಒತ್ತಿಸಿದ ಕೈ. ಗುರುತು ಎಲ್ಲೂ ಕದಡದೆ ಚೊಕ್ಕಟವಾಗಿ ಬಿತ್ತು. ಬೇಡ ಅನ್ನಬೇಕೆನಿಸಿತು, ಅನ್ನಲಿಲ್ಲ. ನನಗೆ ಮೆಟ್ರಿಕ್ ಬೇಕಾಗಿತ್ತು. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಗುಮಾಸ್ತ ಗುರುತಿನ ಪಕ್ಕದಲ್ಲಿ ಕೆಂಪು ಶಾಯಿಯಿಂದ ದುಂಡಗೆ ಒಂದು ಪದ ಬರೆದು, ಕೆಳಗೆ ತನ್ನ ಸಹಿ ಹಾಕಿ, ಆರಲಿ ಎಂದು ಫಾರ್ಮನ್ನು ನಮ್ಮ ಕಡೆ ತಿರುಗಿಸಿ ಇಟ್ಟು ಒಳಗೆ ಹೋದ. ಅಪ್ಪ ಬಾಗಿ ನೋಡಿದ. ಹೆಬ್ಬೆರಳನ್ನು ಕೋಟಿನ ಒಳಬದಿಗೆ ಒರೆಸಿಕೊಳ್ಳುತ್ತಾ ಕೇಳಿದ.

"ಬಾಜೂಕ ಏನು ಬರದಾನಪ್ಪ?"

ನಾನು ಓದಿದೆ. 'ನಿರಕ್ಷರಿ' ಎಂದಿತ್ತು.

"ನಿನ್ನ ಹೆಸರು ಬರದಾನ" ಎಂದೆ.

ಅಪ್ಪ ಇನ್ನೂ ಸ್ವಲ್ಪ ಬಾಗಿ, ಆ ಪದವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿದ.

"ಅಕ್ಷರ ಚಂದ ಅವ" ಎಂದ.